ತೋಟ ಸುತ್ತಿ ಬಂದ ನಾಯಿ ಕೆರ್ಕೊಳ್ತಿದೆಯಾ? ಔಷಧಿ ಡಬ್ಬಿಗೆ ಕೈ ಹಾಕೋ ಮುಂಚೆ ಓದಿ



ಈ ವಾರ ಬೆಳೆಯ ವಿಷಯ ಬಿಟ್ಟು ಬೆಳೆ ಕಾಯುವ ನಾಯಿಯ ವಿಷಯಕ್ಕೆ ಬರುತ್ತೇನೆ. ಹಂದಿ, ಮಂಗ, ನವಿಲು ಓಡಿಸೋಕೆ ಅಂತ ನಿಮ್ಮಲ್ಲಿ ಬಹಳ ಜನ ನಾಯಿ ಸಾಕಿದ್ದೀರಿ. ಬೆಳಗ್ಗೆ ನೀರು ಬಿಡೋಕೆ ನೀವು ಹೊರಟರೆ ಅದೂ ಹಿಂದೆ ಬರುತ್ತೆ. ನೀವು ಬದುವಿನ ಮೇಲೆ ನಡೆದರೆ ಅದು ಪಕ್ಕದ ಹುಲ್ಲಿನೊಳಗೆ ನುಗ್ಗಿಕೊಂಡು ಬರುತ್ತೆ. ಮನೆಗೆ ಬಂದು ಅರ್ಧ ಗಂಟೆ ಆಗಿರಲ್ಲ, ಶುರು. ಕಾಲು ನೆಕ್ಕೋದು, ಹೊಟ್ಟೆ ಕಚ್ಚೋದು, ಗೋಡೆಗೆ ಬೆನ್ನು ಉಜ್ಜೋದು, ರಾತ್ರಿಯಿಡೀ ಕೆರೆಯೋದು.

ಹೊಲದಿಂದ ಅಂಟಿಸಿಕೊಂಡು ಬಂದ ತುರಿಕೆಯಿಂದಲೇ ನಾಯಿ ಸಾಯೋದು ಅಪರೂಪ. ಆದರೆ ಆ ತುರಿಕೆಗೆ ಅಂತ ನಾವು ಹಚ್ಚಿದ ಔಷಧಿಯಿಂದ ಸತ್ತ ನಾಯಿಯ ಕತೆ ಯಾವ ಊರಲ್ಲಿ ಕೇಳಿದರೂ ಒಂದಾದರೂ ಸಿಗುತ್ತೆ. ಈ ಲೇಖನ ಬರೆಯೋಕೆ ಕಾರಣ ಅದೇ.

ಮೊದಲು ಬರೀ ನೀರು

ತೋಟದಿಂದ ಬಂದ ಕೂಡಲೇ ನಾಯಿಯ ನಾಲ್ಕು ಪಾದ, ಹೊಟ್ಟೆಯ ಕೆಳಭಾಗ, ತೊಡೆ ಸಂದಿ, ಗದ್ದ ಇಷ್ಟನ್ನ ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಬೇಡ, ಬಿಸಿಗೆ ನವೆ ಇನ್ನೂ ಜಾಸ್ತಿಯಾಗುತ್ತೆ. ಪೈಪಿನ ನೀರು ಸಣ್ಣಗೆ ಬಿಟ್ಟು ಬೆರಳಿನ ಸಂದಿಯಲ್ಲಿ ನಿಮ್ಮ ಬೆರಳು ಆಡಿಸಿ. ಆಮೇಲೆ ಹಳೇ ಟವೆಲ್ಲಿನಲ್ಲಿ ಒರೆಸಿ. ಒರೆಸೋದನ್ನ ಬಿಡಬೇಡಿ. ಗದ್ದೆ ಕೆಸರಲ್ಲಿ ಓಡಾಡೋ ನಾಯಿಗೆ ಬೆರಳ ಸಂದಿ ಸದಾ ಒದ್ದೆ ಇದ್ದರೆ ಅಲ್ಲೇ ಚರ್ಮ ಬಿಳಿಚಿಕೊಂಡು, ಕೆಂಪಾಗಿ, ವಾಸನೆ ಹೊಡೆಯೋಕೆ ಶುರುವಾಗುತ್ತೆ. ಕೆಸರುಗದ್ದೆಯಲ್ಲಿ ನಾಟಿ ಮಾಡುವವರ ಕಾಲಿಗೆ ಆಗೋದೂ ಅದೇ ತಾನೆ.

ಸೋಪಿನ ವಿಷಯ. ಬಟ್ಟೆ ಸೋಪು, ನಾವು ತಲೆಗೆ ಹಾಕೋ ಶಾಂಪೂ ಎರಡೂ ಬೇಡ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ನಾಯಿಯದು ಹೆಚ್ಚುಕಡಿಮೆ ತಟಸ್ಥ, ತೆಳು ಕೂಡ. ನಮಗೆ ಅಂತ ಮಾಡಿದ್ದು ಅದರ ಚರ್ಮದ ಎಣ್ಣೆ ಅಂಶವನ್ನೆಲ್ಲ ತೆಗೆದುಬಿಡುತ್ತೆ, ಒಣಗಿದ ಚರ್ಮ ಇನ್ನಷ್ಟು ತುರಿಸುತ್ತೆ. ನಾಯಿ ಶಾಂಪೂ ಇದ್ದರೆ ಹಾಕಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು ತೊಳೆಯಿರಿ. ಇಲ್ಲದಿದ್ದರೆ ನೀರೇ ಸಾಕು.

ಇಷ್ಟರಲ್ಲೇ ಅರ್ಧದಷ್ಟು ತುರಿಕೆ ನಿಲ್ಲುತ್ತೆ ಅನ್ನೋದು ನಾನು ಕಂಡದ್ದು. ಯಾಕಂದ್ರೆ ಚರ್ಮಕ್ಕೆ ತಾಗಿದ್ದು ಏನೇ ಇರಲಿ, ಪಾರ್ಥೇನಿಯಂ ಪರಾಗ ಇರಲಿ, ಗೊಬ್ಬರದ ಪುಡಿ ಇರಲಿ, ಅಡಿಕೆ ಕೊನೆಗೆ ಹೊಡೆದ ಬೋರ್ಡೋ ದ್ರಾವಣ ತೊಟ್ಟಿಕ್ಕಿ ಹುಲ್ಲಿನ ಮೇಲೆ ಕೂತದ್ದು ಇರಲಿ, ಅದು ಅಲ್ಲೇ ಇರೋವರೆಗೂ ಏನು ಹಚ್ಚಿದರೂ ಪ್ರಯೋಜನ ಇಲ್ಲ. ಬೋರ್ಡೋದಲ್ಲಿ ಸುಣ್ಣ, ಮೈಲುತುತ್ತ ಎರಡೂ ಇದೆ. ಕಾಲಿಗೆ ಅಂಟಿದ್ದನ್ನ ನಾಯಿ ನೆಕ್ಕಿದರೆ ಹೊಟ್ಟೆಗೂ ಹೋಯಿತು. ಔಷಧಿ ಹೊಡೆದ ದಿನ, ಮರುದಿನ ನಾಯಿನ ಮನೆ ಹತ್ತಿರವೇ ಕಟ್ಟಿ. ಕಳೆಗೆ ಪ್ಯಾರಾಕ್ವಾಟ್ ಹೊಡೆದ ಜಾಗಕ್ಕಂತೂ ಬಿಡಲೇಬೇಡಿ. ಅದು ಚರ್ಮ, ಬಾಯಿ ಸುಡುತ್ತೆ, ಹೊಟ್ಟೆಗೆ ಹೋದರೆ ಅದಕ್ಕೆ ಪ್ರತ್ಯೌಷಧಿ ಇಲ್ಲ.

ಎಲ್ಲಿ ಕೆರೆಯುತ್ತೆ ನೋಡಿ

ತೊಳೆದ ಮೇಲೂ ನಿಲ್ಲದಿದ್ದರೆ ಹತ್ತು ನಿಮಿಷ ಕೂತು ನಾಯಿಯನ್ನೇ ಗಮನಿಸಿ. ಮೈಮೇಲೆ ಯಾವ ಜಾಗ ಅನ್ನೋದರಿಂದ ಅರ್ಧ ವಿಷಯ ಗೊತ್ತಾಗುತ್ತೆ.

ಕೂದಲು ಕಡಿಮೆ ಇರುವ ಕಡೆ, ಅಂದ್ರೆ ಹೊಟ್ಟೆ, ತೊಡೆ ಸಂದಿ, ಗದ್ದ, ಬೆರಳ ಸಂದಿ ಮಾತ್ರ ಕೆಂಪಾಗಿದ್ದರೆ ಗಿಡವೋ ರಾಸಾಯನಿಕವೋ ತಾಗಿದೆ. ಬಾಲದ ಬುಡ, ಸೊಂಟದ ಮೇಲೆ ಕಚ್ಚಿಕೊಳ್ಳುತ್ತಿದ್ದರೆ ಚಿಗಟ. ಬಿಳಿ ಕಾಗದದ ಮೇಲೆ ನಾಯಿನ ನಿಲ್ಲಿಸಿ ಕೂದಲು ಬಾಚಿ, ಬಿದ್ದ ಕರಿ ಪುಡಿಗೆ ನೀರು ಚಿಮುಕಿಸಿ. ಪುಡಿ ಕೆಂಪಗೆ ಕರಗಿದರೆ ಅದು ಚಿಗಟದ ಹಿಕ್ಕೆ, ಅದು ಕುಡಿದ ರಕ್ತವೇ. ಕಿವಿ ಒಳಗೆ, ಕತ್ತು, ಬೆರಳ ಸಂದಿಯಲ್ಲಿ ಗಂಟು ಸಿಕ್ಕರೆ ಉಣ್ಣೆ.

ಕಿವಿಯ ಅಂಚು, ಮೊಣಕೈ, ಹೊಟ್ಟೆಯಲ್ಲಿ ಹೊಪ್ಪಳೆ ಕಟ್ಟಿ ಕೂದಲು ಉದುರಿ, ಹಗಲು ರಾತ್ರಿ ಕೆರೆತ ಇದ್ದರೆ ಕಜ್ಜಿ ಇರಬಹುದು. ಕಿವಿಯ ಅಂಚನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಉಜ್ಜಿ ನೋಡಿ. ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯೋಕೆ ಶುರು ಮಾಡಿದರೆ ಕಜ್ಜಿಯ ಅನುಮಾನ ಬಲವಾಯಿತು. ಈ ಕಜ್ಜಿ ಹೊಲದ ಹುಲ್ಲಿನಿಂದ ಬರೋದಲ್ಲ, ಹೊಲದಲ್ಲಿ ಸಿಗೋ ಬೀದಿನಾಯಿಯಿಂದ, ನರಿಯಿಂದ ಬರುತ್ತೆ. ನಿಮ್ಮ ಕೈಗೂ ಕೆಲವು ದಿನ ನವೆ ಬರಬಹುದು. ಆಮೇಲೆ ಕೈ ಸೋಪು ಹಾಕಿ ತೊಳ್ಕೊಳ್ಳಿ. ಇನ್ನೊಂದು ಬಗೆಯ ಕಜ್ಜಿ ಮರಿಗಳಿಗೆ ಬರುತ್ತೆ. ಕಣ್ಣಿನ ಸುತ್ತ, ಮೂತಿ ಮೇಲೆ ಕೂದಲು ಉದುರುತ್ತೆ, ತುರಿಕೆ ಮಾತ್ರ ಅಷ್ಟಾಗಿ ಇರಲ್ಲ. ಎರಡನ್ನೂ ಪಶು ಆಸ್ಪತ್ರೆಯಲ್ಲಿ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು, ಎರಡರ ಚಿಕಿತ್ಸೆಯೂ ಒಂದೇ ಅಲ್ಲ.

ಒಂದೇ ಒಂದು ಪಾದವನ್ನ ಬಿಡದೆ ನೆಕ್ಕುತ್ತಿದ್ದರೆ ಬೆರಳ ಸಂದಿ ಬಿಡಿಸಿ ನೋಡಿ. ನೆಗ್ಗಿಲ ಮುಳ್ಳು ಇರಬಹುದು, ಅದು ಕೀಳೋಕೆ ಸುಲಭ. ಹೆದರಬೇಕಾದ್ದು ನಮ್ಮ ಪ್ಯಾಂಟಿಗೆ ಚುಚ್ಚಿಕೊಳ್ಳೋ ಚೂಪು ಹುಲ್ಲಿನ ಬೀಜಕ್ಕೆ. ಅದರ ಬಾಲ ಒದ್ದೆಯಾದಾಗ, ಒಣಗಿದಾಗ ತಿರುಪಿನ ಹಾಗೆ ಸುತ್ತುತ್ತೆ, ಬೀಜ ಮುಂದಕ್ಕೆ ಹೋಗುತ್ತೆ. ಮೈಮೇಲಿನ ರೋಮ ಹಿಂದಕ್ಕೆ ಬರೋಕೆ ಬಿಡಲ್ಲ. ಹಾಗಾಗಿ ಚರ್ಮದೊಳಗೆ ನುಗ್ಗಿದರೆ ಒಳಕ್ಕೆ ಹೋಗುತ್ತಲೇ ಇರುತ್ತೆ. ಬೆರಳ ಸಂದಿಯಲ್ಲಿ ಊದಿಕೊಂಡು ಸಣ್ಣ ತೂತಿನಿಂದ ಕೀವು ಬರುತ್ತಿದೆ, ವಾಸಿಯಾದಂತೆ ಕಂಡು ಮತ್ತೆ ಊದುತ್ತಿದೆ ಅಂದ್ರೆ ಒಳಗೆ ಬೀಜ ಕೂತಿದೆ, ಡಾಕ್ಟರೇ ತೆಗೀಬೇಕು. ತಲೆ ಒಂದೇ ಕಡೆ ವಾಲಿಸಿ ಒದರುತ್ತಿದ್ದರೆ ಕಿವಿಗೆ ಹೋಗಿದೆ. ಕಿವಿಗೆ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ಹುಲ್ಲು ತೆನೆಯೊಡೆದು ಒಣಗೋ ಸಮಯದಲ್ಲಿ ದಿನಾ ಸಂಜೆ ಎರಡು ನಿಮಿಷ ಪಾದ, ಕಿವಿ ನೋಡೋದು ರೂಢಿ ಮಾಡ್ಕೊಳ್ಳಿ. ಬೆರಳ ಸಂದಿಯ ಉದ್ದ ಕೂದಲು ಕತ್ತರಿಸಿಬಿಟ್ಟರೆ ಇನ್ನೂ ಒಳ್ಳೇದು.

ನಸುಗುನ್ನಿ, ಕಂಬಳಿಹುಳ

ಇವೆರಡಕ್ಕೆ ಮಾತ್ರ ಮೊದಲು ನೀರು ಅನ್ನೋ ಮಾತು ಅನ್ವಯಿಸಲ್ಲ. ರೋಮ ಚರ್ಮಕ್ಕೆ ಚುಚ್ಚಿಕೊಂಡಿರುತ್ತೆ, ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಮೈ ತುಂಬಾ ಹರಡುತ್ತೆ. ಕೈಗೆ ಗ್ಲೌಸ್ ಹಾಕಿ, ಅಗಲವಾದ ಪ್ಯಾಕಿಂಗ್ ಟೇಪನ್ನ ಆ ಜಾಗಕ್ಕೆ ಅಂಟಿಸಿ ಕೀಳಿ, ಪ್ರತಿ ಸಲ ಹೊಸ ತುಂಡು. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ಧಾರಾಳ ನೀರು ಸುರಿದು ತೊಳೆಯಿರಿ. ನಾಯಿ ಕಂಬಳಿಹುಳಕ್ಕೆ ಬಾಯಿ ಹಾಕಿ ಜೊಲ್ಲು ಸುರಿಸುತ್ತಿದ್ದರೆ, ನಾಲಿಗೆ ಊದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಉಣ್ಣೆ

ಮಲೆನಾಡಿನವರು ಉಣುಗು ಅಂತೀರಿ. ಕೀಳೋಕೆ ಹುಬ್ಬು ತೀಡುವ ಪ್ಲಕ್ಕರ್ ಸಾಕು. ಚರ್ಮಕ್ಕೆ ಒತ್ತಿ, ಉಣ್ಣೆಯ ಬಾಯಿಯ ಹತ್ತಿರ ಹಿಡಿದು, ಜಗ್ಗದೆ ನೇರವಾಗಿ ಮೇಲಕ್ಕೆ ಎಳೆಯಿರಿ. ಬೀಡಿಯಲ್ಲಿ ಸುಡೋದು, ಸೀಮೆಎಣ್ಣೆ ಹಾಕೋದು ಮಾಡಿದರೆ ಅದು ಬಿಡೋ ಮುಂಚೆ ಹೊಟ್ಟೆಯಲ್ಲಿದ್ದದ್ದನ್ನ ನಾಯಿಯ ರಕ್ತಕ್ಕೇ ಕಾರುತ್ತೆ. ಕಿತ್ತದ್ದನ್ನ ಉಗುರಲ್ಲಿ ಚಿಟ್ ಅನ್ನಿಸಬೇಡಿ, ಸೋಪಿನ ನೀರಿಗೆ ಹಾಕಿ. ಅದರಲ್ಲೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಕಾಡಂಚಿನವರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡೋದು ಕಾಡಿನ ಉಣುಗಿನಿಂದಲೇ. ಚಳಿಗಾಲದಿಂದ ಬೇಸಿಗೆ ಮುಗಿಯೋವರೆಗೆ ಅದರ ಕಾಲ. ಕಾಡಿಗೆ ಹೋಗಿ ಬಂದ ನಾಯಿ ಆ ಉಣುಗನ್ನ ಅಂಗಳದವರೆಗೂ ತರಬಹುದು. ಆ ತಿಂಗಳುಗಳಲ್ಲಿ ನಾಯಿಯನ್ನ ಮಕ್ಕಳ ಹಾಸಿಗೆ ಹತ್ತಿರ ಬಿಡಬೇಡಿ.

ಮನೆ ನಾಯಿಯ ಕಂದು ಉಣ್ಣೆಯ ಸ್ವಭಾವ ಬೇರೆ. ಅದು ರಕ್ತ ಕುಡಿದು ಕೆಳಗೆ ಬಿದ್ದು, ಗೋಡೆ ಬಿರುಕಲ್ಲೋ ಗೋಣಿಚೀಲದ ಮಡಿಕೆಯಲ್ಲೋ ಸಾವಿರಾರು ಮೊಟ್ಟೆ ಇಡುತ್ತೆ. ಹಾಗಾಗಿ ನಾಯಿ ಮೈಗೆ ಮಾತ್ರ ಔಷಧಿ ಹಾಕಿ, ಅದು ಮಲಗೋ ಗೋಣಿಚೀಲ ಹಾಗೇ ಬಿಟ್ಟರೆ ಹದಿನೈದು ದಿನಕ್ಕೆ ಮತ್ತೆ ಅದೇ ಕತೆ. ಗೋಣಿಚೀಲ ಸುಟ್ಟುಬಿಡಿ, ಇಲ್ಲಾ ಕುದಿಯೋ ನೀರಿಗೆ ಹಾಕಿ. ಗೂಡಿನ ಬಿರುಕು ಸಿಮೆಂಟಲ್ಲಿ ಮುಚ್ಚಿ.

ಉಣ್ಣೆಯಿಂದ ನಾಯಿಗೆ ಬರೋ ಜ್ವರ ತುರಿಕೆಗಿಂತ ದೊಡ್ಡದು. ನಾಯಿ ಊಟ ಬಿಟ್ಟು ಮಂಕಾಗಿದೆ, ಒಸಡು ಬಿಳಿಚಿದೆ, ಮೂಗಲ್ಲಿ ರಕ್ತ ಬಂತು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆ. ಇದರಲ್ಲಿ ಒಂದು ಕಂಡರೂ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಬೇಗ ಹಿಡಿದರೆ ಔಷಧಿಯಲ್ಲಿ ವಾಸಿಯಾಗುತ್ತೆ.

ಹೆಸರು ಒಂದೇ, ಔಷಧಿ ಬೇರೆ

ಈಗ ಮುಖ್ಯ ವಿಷಯಕ್ಕೆ ಬಂದೆ. ನಮ್ಮ ಪಕ್ಕದೂರಿನ ಹುಡುಗನೊಬ್ಬ ನಾಯಿ ಉಣ್ಣೆಗೆ ಏನು ಔಷಧಿ ಅಂತ ಮೊಬೈಲಲ್ಲಿ ಹುಡುಕಿದ. ಫಿಪ್ರೋನಿಲ್ ಅಂತ ಬಂತು. ಅವನ ಶೆಡ್ಡಿನಲ್ಲಿ ಮೆಣಸಿನಗಿಡಕ್ಕೆ ತಂದ ಫಿಪ್ರೋನಿಲ್ ಅರ್ಧ ಬಾಟಲಿ ಇತ್ತು. ಹೆಸರು ಅದೇ, ಇನ್ನೇನು ಯೋಚನೆ ಅಂತ ಬಟ್ಟೆಯಲ್ಲಿ ಅದ್ದಿ ಮೈಗೆಲ್ಲ ಒರೆಸೋಕೆ ಹೊರಟಿದ್ದ. ಅಷ್ಟರಲ್ಲಿ ಯಾಕೋ ಅನುಮಾನ ಬಂದು ನನಗೆ ಫೋಟೋ ಕಳಿಸಿದ. ಹುಡುಗ ಬುದ್ಧಿವಂತ, ಅವನು ಓದಿದ್ದೂ ತಪ್ಪಲ್ಲ. ನಾಯಿಯ ಉಣ್ಣೆ, ಚಿಗಟಕ್ಕೆ ಫಿಪ್ರೋನಿಲ್ ನಿಜವಾಗಿಯೂ ಇದೆ, ಬೆನ್ನ ಮೇಲೆ ಹನಿ ಹಾಕುವ ಸಣ್ಣ ಟ್ಯೂಬಿನಲ್ಲಿ ಬರುತ್ತೆ. ಚಿಗಟಕ್ಕೆ ಹನಿ ಹಾಕೋ ಇಮಿಡಾಕ್ಲೋಪ್ರಿಡ್ ಕೂಡ ಹಾಗೇ, ಅದೇ ಹೆಸರಿನದು ಹತ್ತಿಗೆ, ಮೆಣಸಿಗೆ 17.8 ಎಸ್‌ಎಲ್ ಅಂತ ಬಾಟಲಿಯಲ್ಲಿ ಸಿಗುತ್ತೆ.

ಹಾಗಿದ್ದರೆ ತೊಂದರೆ ಏನು? ಬಾಟಲಿಯಲ್ಲಿ ಇರೋದು ಕೀಟ ಕೊಲ್ಲೋ ಅಂಶ ಒಂದೇ ಅಲ್ಲ. ಎಲೆಗೆ ಅಂಟೋಕೆ, ನೀರಲ್ಲಿ ಬೆರೆಯೋಕೆ ಬೇರೆ ಬೇರೆ ದ್ರಾವಕ ಹಾಕಿರುತ್ತಾರೆ. ಇಸಿ ಅಂತ ಬರೆದ ಔಷಧಿಗಳಲ್ಲಿ ಪೆಟ್ರೋಲಿಯಂ ಮೂಲದ ದ್ರಾವಕ ಇರುತ್ತೆ. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯೋ ಘಾಟು ಅದರದ್ದೇ. ಅದು ಚರ್ಮ ಸುಡುತ್ತೆ, ವಿಷ ಚರ್ಮದೊಳಗೆ ಇಳಿಯೋಕೂ ದಾರಿ ಮಾಡಿಕೊಡುತ್ತೆ. ಕೆರೆದು ಗಾಯವಾದ ಚರ್ಮದಲ್ಲಿ ಇನ್ನೂ ಬೇಗ. ಎಲೆ ತನ್ನ ಮೈ ತಾನು ನೆಕ್ಕಲ್ಲ, ನಾಯಿ ನೆಕ್ಕುತ್ತೆ. ಬೆಳೆ ಔಷಧಿಯ ಅಳತೆ ಎಕರೆಗೆ, ಲೀಟರಿಗೆ ಲೆಕ್ಕ ಹಾಕಿದ್ದು, ನಾಯಿಯದು ಅದರ ತೂಕಕ್ಕೆ. ‘ಜಾಸ್ತಿ ನೀರು ಹಾಕಿ ತೆಳು ಮಾಡಿದರೆ ಆಯ್ತಲ್ವಾ ಅಣ್ಣಾ’ ಅಂತ ಅವನು ಕೇಳಿದ. ಎಷ್ಟು ತೆಳು ಅಂತ ಆ ಬಾಟಲಿ ಮೇಲೆ ಎಲ್ಲೂ ಬರೆದಿಲ್ಲ, ಯಾಕಂದ್ರೆ ಅದನ್ನ ನಾಯಿಗೆ ಅಂತ ಮಾಡಿಲ್ಲ. ಅವನು ಮರುದಿನ ಪಶು ಆಸ್ಪತ್ರೆಗೆ ಹೋಗಿ ನಾಯಿಯ ಟ್ಯೂಬ್ ಬರೆಸಿಕೊಂಡು ಬಂದ.

ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಗುಂಪಿನವಂತೂ ಹೇಳೋದೇ ಬೇಡ. ಮೈಗೆ ಹಚ್ಚಿದ ಸ್ವಲ್ಪ ಹೊತ್ತಿಗೇ ಜೊಲ್ಲು, ವಾಂತಿ, ಭೇದಿ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗೋದು, ನಡುಕ, ಫಿಟ್ಸ್. ಇದಕ್ಕೆ ಪಶುವೈದ್ಯರ ಹತ್ತಿರ ಅಟ್ರೋಪಿನ್ ಇಂಜೆಕ್ಷನ್ ಇದೆ. ನಾಯಿನ ಅಲ್ಲಿಗೆ ಮುಟ್ಟಿಸಬೇಕು ಅಷ್ಟೇ.

ದನದ ಉಣ್ಣೆ ಔಷಧಿ ಇದಕ್ಕಿಂತ ಸ್ವಲ್ಪ ಗೊಂದಲದ್ದು. ಅಮಿಟ್ರಾಜ್ ಅನ್ನ ನಾಯಿಯ ಕಜ್ಜಿಗೆ ಡಾಕ್ಟರುಗಳೂ ಬರೆಯುತ್ತಾರೆ. ಆದರೆ ಕೊಟ್ಟಿಗೆಗೆ ಅಂತ ತಂದ 12.5 ಪರ್ಸೆಂಟಿನ ಬಾಟಲಿಯಿಂದ ಅಂದಾಜಲ್ಲಿ ಸುರಿದು ಹಚ್ಚಿದರೆ ನಾಯಿ ಎದ್ದು ನಿಲ್ಲಲಾರದಷ್ಟು ಮಂಕಾಗುತ್ತೆ, ಮೈ ತಣ್ಣಗಾಗುತ್ತೆ, ಹೃದಯ ಬಡಿತ ನಿಧಾನ ಆಗುತ್ತೆ. ಐವರ್‌ಮೆಕ್ಟಿನ್ ಇಂಜೆಕ್ಷನ್ನೂ ಅಷ್ಟೇ. ಮುನ್ನೂರು ಕೆಜಿ ಹಸುವಿಗೆ ಮಾಡಿದ ಮದ್ದನ್ನ ಹದಿನೈದು ಕೆಜಿ ನಾಯಿಗೆ ಸಿರಿಂಜಿನಲ್ಲಿ ಕಣ್ಣಂದಾಜಿಗೆ ಎಳೆಯೋದು ಅಪಾಯದ ಕೆಲಸ. ಕೋಲಿ ಜಾತಿಯ ನಾಯಿಗಳಿಗೆ, ಅವುಗಳ ಮಿಶ್ರ ತಳಿಗೆ ಕಡಿಮೆ ಪ್ರಮಾಣವೂ ಮೆದುಳಿಗೆ ಏರಬಹುದು.

ಮನೆಯಲ್ಲಿ ಬೆಕ್ಕು, ಮೊಲ ಇರುವವರಿಗೆ ಬೇರೆಯೇ ಒಂದು ಮಾತು. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್ ಹಚ್ಚಿದ ನಾಯಿಯ ಜೊತೆ ಬೆಕ್ಕು ಮಲಗಿದರೂ ಸಾಕು, ಬೆಕ್ಕಿಗೆ ನಡುಕ ಹತ್ತಿ ಸಾಯಬಹುದು. ಫಿಪ್ರೋನಿಲ್ ಮೊಲಕ್ಕೆ ಪ್ರಾಣಾಂತಿಕ. ಇವು ಇರುವ ಮನೆಯಲ್ಲಿ ನಾಯಿಗೆ ಡಾಕ್ಟರ ಹತ್ತಿರ ಕೇಳಿ ಹೊಟ್ಟೆಗೆ ಕೊಡೋ ಉಣ್ಣೆ ಮಾತ್ರೆ ಹಾಕಿಸೋದು ವಾಸಿ. ತೂಕ ನೋಡಿ ಕೊಡುತ್ತಾರೆ, ಕೆಲವು ಒಂದು ತಿಂಗಳು, ಕೆಲವು ಮೂರು ತಿಂಗಳ ಹತ್ತಿರ ಕೆಲಸ ಮಾಡುತ್ತೆ. ಬೆಲೆ ಜಾಸ್ತಿ ಅನ್ನಿಸುತ್ತೆ, ನಿಜ. ಫಿಟ್ಸ್ ಬಂದಿದ್ದ ನಾಯಿಯಾದರೆ ಅದನ್ನ ಮೊದಲೇ ಹೇಳಿ.

ಯಾರಾದರೂ ಆಗಲೇ ಏನೋ ಹಚ್ಚಿಬಿಟ್ಟಿದ್ದರೆ? ಗ್ಲೌಸ್ ಹಾಕಿ, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಧಾರಾಳ ನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಈ ಹೊತ್ತಿನಲ್ಲಿ ಚರ್ಮ ಒಣಗೋ ಚಿಂತೆ ಬೇಡ. ಒರೆಸಿ ಬೆಚ್ಚಗೆ ಸುತ್ತಿ. ಹಾಲು, ಎಣ್ಣೆ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಬಾಟಲಿಯನ್ನ ಜೊತೆಗೇ ತಗೊಂಡು ಹೋಗಿ.

ಮನೆಯಲ್ಲಿ ಇರೋದರಲ್ಲಿ

ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು. ಮೂರೂ ನಮ್ಮ ಹಳ್ಳಿಗಳ ಹಳೇ ಔಷಧಿ, ಮೂರೂ ವಿಷ. ಹೊಗೆಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಮೈಗೆ ಏರುತ್ತೆ. ಎಂಜಿನ್ ಆಯಿಲ್ ಹಚ್ಚಿದರೆ ಕಜ್ಜಿ ಹೋಗುತ್ತೆ ಅನ್ನೋ ಹಿರಿಯರ ಜೊತೆ ನಾನು ವಾದ ಮಾಡೋದು ಬಿಟ್ಟಿದ್ದೇನೆ, ಆ ಕ್ಯಾನು ಮಾತ್ರ ನಾಯಿ ಹತ್ತಿರ ಸುಳಿಯೋಕೆ ಬಿಡಲ್ಲ.

ಬೇವಿನ ಎಲೆ ಕುದಿಸಿ ಆರಿಸಿದ ನೀರಲ್ಲಿ ತೊಳೆದರೆ ಹಾನಿ ಇಲ್ಲ, ಸ್ವಲ್ಪ ಹಿತ ಅನ್ನಿಸಬಹುದು. ಆದರೆ ಬೇವಿನ ಎಣ್ಣೆ ನೇರವಾಗಿ ಬೇಡ, ನೆಕ್ಕಿದರೆ ವಾಂತಿ. ಲೋಳೆಸರ ಹಚ್ಚೋದಾದರೆ ಸಿಪ್ಪೆಯ ಕೆಳಗಿನ ಹಳದಿ ರಸ ಪೂರ್ತಿ ತೊಳೆದು ಒಳಗಿನ ಲೋಳೆ ಮಾತ್ರ ತಗೊಳ್ಳಿ, ಆ ಹಳದಿ ರಸ ಭೇದಿ ಮಾಡಿಸುತ್ತೆ. ನನಗೆ ಹೆಚ್ಚು ನಂಬಿಕೆ ಇರೋದು ಎರಡರ ಮೇಲೆ. ಒಂದು, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ಕೆಂಪಾದ ಜಾಗಕ್ಕೆ ಹತ್ತು ನಿಮಿಷ ಇಡೋದು, ದಿನಕ್ಕೆ ಮೂರು ನಾಲ್ಕು ಸಲ. ಇನ್ನೊಂದು ಓಟ್ಸ್. ಏನೂ ಬೆರೆಸದ ಸಾದಾ ಓಟ್ಸನ್ನ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗಬೇಕು. ಆ ನೀರನ್ನ ಮಗ್ಗಿನಲ್ಲಿ ಮೈಮೇಲೆ ಹೊಯ್ಯುತ್ತಾ ಹತ್ತು ನಿಮಿಷ ಬಿಟ್ಟು ತೊಳೆದರೆ ನವೆ ಇಳಿಯುತ್ತೆ, ನೆಕ್ಕಿದರೂ ಭಯ ಇಲ್ಲ. ಪಾದದ ಸಣ್ಣ ಗಾಯಕ್ಕೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಮಟ್ಟದ ಟೀ ಚಮಚ ಉಪ್ಪು ಹಾಕಿ ತೊಳೆಯಿರಿ.

ಮೆಡಿಕಲ್ ಶಾಪಿನ ತುರಿಕೆ ಕ್ರೀಮಿನ ಬಗ್ಗೆ ಎಚ್ಚರ. ನಮ್ಮಲ್ಲಿ ಚೀಟಿ ಇಲ್ಲದೆ ಸಿಗೋ ಎಷ್ಟೋ ಕ್ರೀಮುಗಳಲ್ಲಿ ಸ್ಟೆರಾಯ್ಡ್ ಇರುತ್ತೆ. ಎರಡು ದಿನ ಕೆಂಪು ಇಳಿಯುತ್ತೆ, ಒಳಗೆ ಕಜ್ಜಿ ಹುಳ ಇದ್ದರೆ ಅದು ಹಾಯಾಗಿ ಬೆಳೆಯುತ್ತೆ. ಕ್ಯಾಲಮೈನ್ ಲೋಷನ್ನಿನಲ್ಲಿ ಜಿಂಕ್ ಇದೆ, ನೆಕ್ಕೋ ನಾಯಿಗೆ ಅದೂ ಆಗಲ್ಲ. ನಮ್ಮ ನೋವಿನ ಮಾತ್ರೆ, ನೆಗಡಿ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೋಫಿನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತೆ.

ಡಾಕ್ಟರಿಗೆ ತೋರಿಸುವಾಗ

ಎರಡು ದಿನ ತೊಳೆದು, ತಣ್ಣನೆ ಬಟ್ಟೆ ಇಟ್ಟ ಮೇಲೂ ಕೆರೆತ ನಿಲ್ಲದಿದ್ದರೆ, ಚರ್ಮದಿಂದ ನೀರು ಒಸರುತ್ತಿದ್ದರೆ, ಗಾಯಕ್ಕೆ ಹುಳ ಬಿದ್ದಿದ್ದರೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ. ಮುಖ, ತುಟಿ ಊದಿ ಉಸಿರಾಡೋಕೆ ಕಷ್ಟ ಪಡುತ್ತಿದ್ದರೆ ಎರಡು ದಿನ ಅನ್ನೋ ಲೆಕ್ಕ ಇಲ್ಲ, ಆ ಗಳಿಗೆಯಲ್ಲೇ ಹೊರಡಿ.

ನೋವಲ್ಲಿರೋ ನಾಯಿ ಸಾಕಿದವರನ್ನೂ ಕಚ್ಚುತ್ತೆ, ಮೂತಿಗೆ ಅಗಲವಾದ ಬಟ್ಟೆ ಕಟ್ಟಿ ಮುಟ್ಟಿ. ಉಸಿರಾಟದ ತೊಂದರೆ ಇದ್ದರೆ, ವಾಂತಿ ಮಾಡುತ್ತಿದ್ದರೆ ಮಾತ್ರ ಕಟ್ಟಬೇಡಿ. ರೇಬೀಸ್ ಲಸಿಕೆ ಹಾಕಿಸದ ನಾಯಿ, ಎಲ್ಲೋ ಕಚ್ಚಿಸಿಕೊಂಡು ಬಂದ ಗಾಯದ ಜಾಗವನ್ನೇ ಹುಚ್ಚು ಹಿಡಿದ ಹಾಗೆ ಕಡಿದುಕೊಳ್ಳುತ್ತಿದೆ, ಸ್ವಭಾವ ಬದಲಾಗಿದೆ ಅಂದ್ರೆ ಮುಟ್ಟಲೇಬೇಡಿ. ದೂರದಿಂದ ಕೂಡಿಹಾಕಿ ಡಾಕ್ಟರಿಗೆ ತಿಳಿಸಿ.

ಮೊಬೈಲ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಆಸ್ಪತ್ರೆಯಲ್ಲಿ ನಾಯಿ ಹೆದರಿ ಸುಮ್ಮನೆ ನಿಂತುಬಿಡುತ್ತೆ, ಕೆರೆಯೋದೇ ಇಲ್ಲ. ಮನೆಯಲ್ಲಿ ಕೆರೆಯುವಾಗ ಒಂದು ನಿಮಿಷದ ವಿಡಿಯೋ ತೆಗೆದಿಟ್ಟುಕೊಳ್ಳಿ. ಚರ್ಮದ ಫೋಟೋ ಹಗಲು ಬೆಳಕಲ್ಲಿ, ಕೂದಲು ಸರಿಸಿ, ಒಂದು ದೂರದಿಂದ ಒಂದು ಹತ್ತಿರದಿಂದ. ಆ ದಿನ ತೋಟದಲ್ಲಿ ಏನು ಸಿಂಪಡಿಸಿದ್ದಿರೋ ಅದರ ಲೇಬಲ್ಲಿನ ಫೋಟೋ. ನಾಯಿಯ ತೂಕವೂ ಬೇಕು. ನಾಯಿನ ಎತ್ತಿಕೊಂಡು ತಕ್ಕಡಿ ಮೇಲೆ ನಿಂತು ನಿಮ್ಮ ತೂಕ ಕಳೆದರೆ ಆಯ್ತು. ಹತ್ತಿರ ಆಸ್ಪತ್ರೆ ಇಲ್ಲದ ಕಡೆಯವರು ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ, ಕರೆ ಉಚಿತ.